ಕೇಳುವ ಹೂಂ, ಒಪ್ಪುವ ಹೂಂ

ಹೊಸ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಹಳೆಯ ಗೋಂದು, ಉಳಿದದ್ದೆಲ್ಲ ಸರ್ಕಾರ. ಹೋದ ವಾರ ಗದಗಿನ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಕೆಳಗಿನ ನಮ್ಮ ಟೇಬಲ್ಲಿನ ಮೇಲೆ ಅಂಥದ್ದೊಂದು ಪ್ಯಾಡು ತೆರೆದೆ. ಎದುರಿಗೆ ವಯಸ್ಸಾದ ಹೆಣ್ಣುಮಗಳೊಬ್ಬಳು ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಲು ಕೂತಿದ್ದಳು. ಒತ್ತಿದಳು. ಒರೆಸಿಕೊಳ್ಳಲಿ ಎಂದು ನಾನು ಚಿಂದಿಬಟ್ಟೆ ಕೊಟ್ಟೆ. ಅದನ್ನು ಒಮ್ಮೆ ನೋಡಿದಳು, ಬೇಡ ಅನ್ನಿಸಿರಬೇಕು, ಹೆಬ್ಬೆರಳನ್ನು ಕಿವಿಯ ಮೇಲಿನ ಎಣ್ಣೆಗೂದಲಿಗೆ ಉಜ್ಜಿಕೊಂಡಳು. ಅಷ್ಟೇ... ನಾನು ಗಟ್ಟಿಯಾಗಿ ಓದತೊಡಗಿದ್ದ ಮುಂದಿನವರ ಕಾಗದ ಅಲ್ಲಿಗೇ ನಿಂತುಹೋಯಿತು.

"ಯಾಕಲೇ, ದನಿ ಬಿತ್ತೇನು?" ಎಂದು ನಮ್ಮ ಸೀನಿಯರ್ ವಕೀಲರು ಕೇಳಿದರು. ನನ್ನ ದನಿ ಬೀಳುವುದು ಅವರ ಪಾಲಿಗೆ ಹಬ್ಬ.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ನಾನು ಲಕ್ಷ್ಮೇಶ್ವರದವನು, ಬಾಯಿ ಸುಮ್ಮನಿರದವರ ಪೈಕಿ. ಯಾರ ಎದುರು ಐದು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ಗದಗ ಬಸ್ಸಿನ ಕಂಡಕ್ಟರು, ಸೀನುವುದನ್ನೂ ಇಂಗ್ಲಿಷಿನಲ್ಲೇ ಸೀನುತ್ತಿದ್ದ ನಮ್ಮ ಕಾಲೇಜಿನ ಗುಮಾಸ್ತರು, ಸತ್ತವರ ಮನೆಗೆ ಹೋದರೂ ಮೊದಲು ಅಡುಗೆಯ ವಿಚಾರ ಕೇಳುವ ನಮ್ಮ ಸೋದರಮಾವ... ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಪುಸ್ತಕದ ಧೂಳು ಹೊಡೆಯುತ್ತ "ಇದೂ ಸಿಲೇಬಸ್ಸಿನ್ಯಾಗ ಐತೇನಲೇ?" ಎಂದು ಕೇಳುವ ನನ್ನ ದನಿಯನ್ನು ಬೆಟಗೇರಿಯ ರೂಮಿನಲ್ಲಿ ನಾನೇ ಎಷ್ಟೋ ಸಲ ಮಾಡಿ ತೋರಿಸಿದ್ದೆ. ಕೋತಿ, ಕತ್ತೆಕಿರುಬದ ದನಿಗಳೂ ಬರುತ್ತಿದ್ದವು. ನಮ್ಮವ್ವ ಬೈಯುತ್ತಿದ್ದಳು: "ವಕೀಲಿಕಿ ಯಾಕ ಕಲೀತಿ? ಬಿಂಕದಕಟ್ಟಿ ಝೂದಾಗ ಒಂದು ಪಂಜರಾ ಖಾಲಿ ಇರ್ತೈತಿ, ಹೋಗಿ ಕುಂಡ್ರು."

ಮೂರು ವರ್ಷದ ಹಿಂದೆ, ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ, ನಮಗೆ 'ಕ್ಲಿನಿಕ್' ಎಂಬ ಒಂದು ಪೇಪರಿತ್ತು. ಮೊದಲ ದಿನ "ಮೇಡಂ, ಗುಳಿಗಿನೂ ಕೊಡೂದೈತೇನ್ರಿ?" ಎಂದು ಕ್ಲಾಸನ್ನು ನಗಿಸಿದ್ದೆ. ಗುಳಿಗೆ ಕೊಡುವುದಿರಲಿಲ್ಲ. ಪುಸ್ತಕ ಬಿಟ್ಟು ಜನರ ಎದುರು ಕೂತು, ಅವರ ಮಾತು ಕೇಳಿ, ಮೇಡಂ ಅವರ ಕಣ್ಗಾವಲಿನಲ್ಲಿ ಅರ್ಜಿ ಬರೆದುಕೊಡುವುದಿತ್ತು. ಶನಿವಾರ ಮಧ್ಯಾಹ್ನ ಮುಂಡರಗಿಯ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಖಾಲಿ ಶಾಲಾ ಕೋಣೆಯಲ್ಲಿ ನಮ್ಮ ಅಂಗಡಿ. ಅಂಗಡಿಯಲ್ಲಿ ನಾನು, ನನ್ನ ಜೊತೆ ಶಿರಹಟ್ಟಿಯ ಸಹಪಾಠಿ ಹುಡುಗಿ. ಆಕೆ ಕಾನೂನು ಓದಿಕೊಂಡು ಬರುತ್ತಿದ್ದಳು, ನಾನು ಕೂದಲು ಬಾಚಿಕೊಂಡು ಬರುತ್ತಿದ್ದೆ.

ಮೇಡಂ ನಮಗೆ ಕಲಿಸಿದ್ದು ಬಹಳವಿತ್ತು, ಆದರೆ ಪಟ್ಟು ಹಿಡಿದಿದ್ದು ಒಂದೇ ವಿಷಯಕ್ಕೆ. "ಬರದಿದ್ದನ್ನ ಓದಿ ಹೇಳ್ರಿ. ಆಮ್ಯಾಲೆ ಪೆನ್ ಕೆಳಗಿಡ್ರಿ. ಅವರ ಬಾಯಿಂದ ತಿರುಗಿ ಹೇಳಸ್ರಿ. ಅವರು ಹೇಳಿದ್ದೂ ನೀವು ಬರದಿದ್ದೂ ಒಂದ ಆದ್ರ ಮಾತ್ರ ಹೆಬ್ಬಟ್ಟು." ಇದಕ್ಕೆ ನಾವು 'ತಿರುಗಿಸುವುದು' ಅನ್ನುತ್ತಿದ್ದೆವು. ರಿಜಿಸ್ಟರಿನಲ್ಲಿ ಅದಕ್ಕೊಂದು ಪ್ರತ್ಯೇಕ ಮನೆಯೇ ಇತ್ತು, ತಿರುಗಿಸಿದ ಮೇಲೆ ಅದರಲ್ಲಿ ಗುರುತು ಹಾಕಬೇಕು. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಜನ ತಮ್ಮ ಕಥೆಯನ್ನು ತಿರುಗಿ ಹೇಳುವಾಗ ಎಮ್ಮೆಯನ್ನೂ ಸೇರಿಸುತ್ತಾರೆ, ಎಮ್ಮೆ ಮಾರಿದ ಮಾವನನ್ನೂ ಸೇರಿಸುತ್ತಾರೆ.

ಆಕೆ ಬಂದದ್ದು ಒಂದು ಶನಿವಾರ. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವಳು. ಮೂವತ್ತರ ಒಳಗಿನ ವಯಸ್ಸು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಆಸ್ಪತ್ರೆಯ ಕಾಗದ, ಕೈ ಹಿಡಿದುಕೊಂಡು ಐದು ವರ್ಷದ ಮಗಳು. ಹಿಂದೆ ಅತ್ತೆ. ಅತ್ತೆ ಒಳಗೆ ಬರದೆ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಇಲ್ಲಿ ಕಾಗದ ಬರಕೊಡ್ತಾರಂತಲ್ರಿ, ಖರೇನ?"

"ಖರೇರಿ. ಯಾವ ಕಾಗದ? ಪಿಂಚಣೀ, ರೇಶನ್ನೂ, ಜಾಗಾದ ಉತಾರೀ..." ನಾನು ಕಂಡಕ್ಟರನ ದನಿಯಲ್ಲಿ ಸ್ಟಾಪುಗಳನ್ನು ಕೂಗಿದಂತೆ ಕೂಗಿದೆ. ಮಗು ನಕ್ಕಿತು. ಆಕೆ ನಗಲಿಲ್ಲ.

"ನಾ ಹೂಂ ಅಂದಿದ್ದಿಲ್ಲ ಅಂತ ಒಂದು ಕಾಗದ ಬೇಕ್ರಿ."

ವಿಷಯ ಹೀಗಿತ್ತು. ಅದಕ್ಕೆ ಒಂದು ವರ್ಷ ಮೊದಲು ಆಕೆಯ ಎರಡನೆಯ ಹೆರಿಗೆ ಒಂದು ಆಸ್ಪತ್ರೆಯಲ್ಲಿ ಆಯಿತು. ಯಾವ ಊರಿನದು ಅನ್ನುವುದು ಇಲ್ಲಿ ಬೇಡ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು, ಗಂಡುಮಗು. ಅದೇ ಕೈಯಲ್ಲಿ ಮುಂದೆ ಮಕ್ಕಳಾಗದ ಆಪರೇಶನ್ನನ್ನೂ ಮಾಡಿದರು. ನಾಲ್ಕನೆಯ ದಿನ ಮಗು ತೀರಿಕೊಂಡಿತು. ಆಪರೇಶನ್ನಿನ ವಿಷಯ ಆಕೆಗೆ ಗೊತ್ತಾದದ್ದು ಹೊಲಿಗೆ ಬಿಚ್ಚುವ ದಿನ. ಕೇಳಿದರೆ ನರ್ಸು, "ನೀನ ಹೂಂ ಅಂದೀಯಲ್ಲವಾ" ಅಂದಳು. ಹೆರಿಗೆಗೆ ಮೊದಲು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ಐದು ಕಾಗದಗಳಲ್ಲಿ ಆ ಒಪ್ಪಿಗೆಯ ಕಾಗದವೂ ಇತ್ತು.

"ನೋವು ತಿನ್ನಾಕತ್ತಿದ್ದೆರಿ. ಆಕಿ ಏನೋ ಹೇಳಾಕತ್ತಿದ್ಲು. ನಾ ಹೂಂ, ಹೂಂ ಅಂತ ಕೇಳಾಕತ್ತಿದ್ದೆ. ಕೇಳೂ ಹೂಂ ಬ್ಯಾರೆ, ಒಪ್ಪೂ ಹೂಂ ಬ್ಯಾರೆ ಅಲ್ರಿ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂ ಅನ್ನುತ್ತಿರಬೇಕು; ನಿಲ್ಲಿಸಿದರೆ "ಮಕ್ಕೊಂಡ್ಯೇನ?" ಎಂದು ಅಜ್ಜಿ ಕಥೆಯನ್ನೇ ನಿಲ್ಲಿಸುತ್ತಾಳೆ. ಆ ಹೂಂಗೆ ಅರ್ಥ ಎಚ್ಚರವಿದ್ದೇನೆ ಎಂದಷ್ಟೇ. ಅದು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ, ಗಿಡ್ಡ, ಸ್ವಲ್ಪ ಮೇಲೆ ಏರುತ್ತದೆ. ಒಪ್ಪುವ ಹೂಂ ಎದೆಯಿಂದ ಬರುತ್ತದೆ, ಗದ್ದ ಕೆಳಗಿಳಿಯುತ್ತದೆ, ಕಣ್ಣು ಒಮ್ಮೆ ಮುಚ್ಚುತ್ತದೆ. ನನಗೆ ಇದೆಲ್ಲ ತಟ್ಟನೆ ಹೊಳೆಯಿತು, ಯಾಕೆಂದರೆ ನನ್ನ ಕಸುಬೇ ಅದು. ಅಲ್ಲೇ ಕೂತು ಆಕೆಯ ಎರಡೂ ಹೂಂಗಳನ್ನು ಮಾಡಿ ತೋರಿಸಿದೆ. ಮೊದಲು ಕೇಳುವುದು, ಆಮೇಲೆ ಒಪ್ಪುವುದು.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ಅಯ್ಯ ನನ ಶಿವನ, ನನ್ನ ಬಾಯಿ ಕದ್ದಿಯಲ್ಲೋ ತಮ್ಮಾ!"

ಹೊಸ್ತಿಲಿನಿಂದ ಅತ್ತೆ ಅಂದಳು: "ನೋಡು, ಈ ಹುಡುಗಗ ತಿಳೀತು. ನಿನ್ನ ಗಂಡಗ ತಿಳೀಲಿಲ್ಲ."

ಅಂದಿನಿಂದ ನಾನು ತಮ್ಮ. ಮುಂಡರಗಿಯಲ್ಲಿ ಟಂಟಂ ರಿಕ್ಷಾ ಓಡಿಸುತ್ತಿದ್ದ ಆಕೆಯ ಗಂಡ 'ನಿಮ್ಮ ಮಾಮಾ' ಆದ. ಆತನ ಹೆಸರನ್ನು ಆಕೆ ಹೇಳುತ್ತಿರಲಿಲ್ಲ. ಶಿರಹಟ್ಟಿಯವಳು ಅದನ್ನು ಆಧಾರ್ ಕಾರ್ಡ್ ನೋಡಿ ಬರೆದುಕೊಂಡಳು. ನಾನು ಆಕೆಯನ್ನು ಕರೆಯುತ್ತಿದ್ದದ್ದು ಕೊರ್ಲಹಳ್ಳಿ ಅಕ್ಕ ಎಂದು.

ಅಕ್ಕನಿಗೆ ಬೇಕಾಗಿದ್ದದ್ದು ಸಣ್ಣದು. ಆಸ್ಪತ್ರೆಯವರನ್ನು ಕೆಲಸದಿಂದ ತೆಗೆಸುವುದು ಬೇಕಿರಲಿಲ್ಲ, ಪೇಪರಿನಲ್ಲಿ ಹಾಕಿಸುವುದೂ ಬೇಕಿರಲಿಲ್ಲ. ಊರಲ್ಲಿ ಎಲ್ಲರೂ ಈಕೆ ತಾನಾಗಿಯೇ ಕೊಯ್ಸಿಕೊಂಡಳು, ಗಂಡುಮಗು ಹೋದ ಮೇಲೆ ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಿದ್ದರು. ಗಂಡನೂ ಅದನ್ನೇ ನಂಬಿದ್ದ. ಇನ್ನೊಂದು ಮದುವೆಯ ಮಾತು ಮನೆಯ ತನಕ ಬಂದಿತ್ತು. "ಸಾಹೇಬ್ರ ಸಹಿ ಇರೂ ಒಂದು ಕಾಗದ ಬಂದ್ರ ಅದನ್ನ ನಿಮ್ಮ ಮಾಮಾನ ಮುಂದ ಇಡತೀನಿ. ಆಮ್ಯಾಲೆ ಏನ್ ಬೇಕಾದ್ ಮಾಡ್ಲಿ. ಸುಳ್ಳಿ ಅನಿಸಿಕೊಂಡು ಮಾತ್ರ ಆ ಮನಿ ಬಿಡಾಕಿ ಅಲ್ಲ." ಮನೆಯಲ್ಲಿ ಆಕೆಯ ಮಾತನ್ನು ನಂಬಿದ್ದವಳು ಅತ್ತೆ ಒಬ್ಬಳೇ. ಹೆರಿಗೆಯ ದಿನ ಬಾಗಿಲಲ್ಲೇ ನಿಂತಿದ್ದವಳೂ ಅವಳೇ. "ಈಕಿ ಹಾಲಿಗೆ ನೀರ್ ಹಾಕಿದ್ರೂ ಹೇಳೇ ಹಾಕಾಕಿ," ಅನ್ನುತ್ತಿದ್ದಳು. "ಯಾರೂ ಬಿಡಿಸಿ ಹೇಳಿಲ್ಲ, ಯಾರೂ ಕೇಳಿಲ್ಲ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಕಾನೂನನ್ನು ಶಿರಹಟ್ಟಿಯವಳೇ ಆಕೆಗೆ ವಿವರಿಸಿದಳು. ಈ ಆಪರೇಶನ್ನಿಗೆ ಗಂಡನ ಸಹಿ ಬೇಕಾಗಿಲ್ಲ, ಅತ್ತೆಯದು ಬೇಕಾಗಿಲ್ಲ. ಮೊದಲೇ, ತಿಳಿಯುವ ಮಾತಿನಲ್ಲಿ ಹೇಳಿ, ಆಕೆಯ ಒಪ್ಪಿಗೆ ಪಡೆಯಬೇಕು, ಆಕೆಯದು ಮಾತ್ರ.

"ನನ್ನೊಬ್ಬಾಕೀದ?"

"ನಿಮ್ಮೊಬ್ಬರದ."

ಅಕ್ಕ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಆಮೇಲೆ, "ಇಂಥಾದ್ದೊಂದು ಐತಿ ಅಂತ ಯಾರೂ ಹೇಳಿದ್ದಿಲ್ಲ ಬಿಡ್ರಿ," ಅಂದಳು. ಆ ದಿನ ಅವಳು ಬಸ್ಸಿಗೆ ನಡೆದು ಹೋದ ರೀತಿ ನನಗೆ ಇನ್ನೂ ನೆನಪಿದೆ... ಚೀಲವನ್ನು ಕಂಕುಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಆಮೇಲೆ ಐದಾರು ಶನಿವಾರ ಬಂದಳು. ಕಾಗದಗಳ ನಕಲು ತೆಗೆಸಿದೆವು, ದಿನಾಂಕ ಜೋಡಿಸಿದೆವು. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ನಾನು ಒಂದೊಂದು ವಾರ ಒಬ್ಬೊಬ್ಬರ ದನಿ ಮಾಡಿ ನಗಿಸಬೇಕಿತ್ತು. "ತಮ್ಮಾ, ನಿನ್ನ ಕಟ್ಟಿಕೊಳ್ಳಾಕಿ ಪಾಪ! ಮುಂಜಾನಿಗೆ ಒಬ್ಬಾವ, ಸಂಜಿಗೆ ಒಬ್ಬಾವ, ಎಷ್ಟ ಮಂದಿ ಕೂಡ ಸಂಸಾರ ಮಾಡಬೇಕೋ ಆಕಿ!" ಅಂದಾಗ ಹೊಸ್ತಿಲ ಮೇಲಿನ ಅತ್ತೆಗೆ ಎಲೆ ನೆತ್ತಿಗೇರಿ ಕೆಮ್ಮು ಬಂದಿತ್ತು.

ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಇಲ್ಲಿಂದ ಮುಂದೆ ನಗಿಸುವಂಥದ್ದು ಬಹಳ ಇಲ್ಲ.

ಅರ್ಜಿಯ ಕನ್ನಡ ಬೇರೆಯೇ ಒಂದು ಕನ್ನಡ. 'ಸದರಿ', 'ಮೇರೆಗೆ', 'ತತ್ಸಂಬಂಧ'. ಆ ದನಿ ನನಗೆ ಬಹಳ ಇಷ್ಟ. ಅದರಲ್ಲಿ ಎರಡು ಸಾಲು ಬರೆದರೆ ನನಗೇ ಕರಿ ಕೋಟು ಹಾಕಿಕೊಂಡಂತೆ ಅನ್ನಿಸುತ್ತಿತ್ತು. ಕಾಲೇಜಿನ ಕಂಪ್ಯೂಟರಿನಲ್ಲಿ ಹಿಂದಿನ ವರ್ಷದವರು ಬೇರೊಬ್ಬ ಹೆಣ್ಣುಮಗಳಿಗೆ ಬರೆದುಕೊಟ್ಟ ಅರ್ಜಿ ಇತ್ತು. ಅದನ್ನು ತೆರೆದು ಹೆಸರು, ಊರು, ದಿನಾಂಕ ಬದಲಿಸಿದೆ, ನಡುವೆ ಅಕ್ಕನ ಕಥೆ ಸೇರಿಸಿದೆ. ಹಳೆಯ ಅರ್ಜಿಯ ಒಂದು ಸಾಲು ಹಾಗೇ ಉಳಿಯಿತು. ಉಳಿಯಿತು ಅನ್ನುವುದೂ ಸುಳ್ಳು. ನಾನು ಅದನ್ನು ನೋಡಿದ್ದೆ, ಓದಿದ್ದೆ. ಎಷ್ಟು ಗತ್ತಾಗಿದೆ ಎಂದು ಬಿಟ್ಟಿದ್ದೆ: 'ಅರ್ಜಿದಾರಳ ಪತಿ ಹಾಗೂ ಅತ್ತೆಯವರ ಪ್ರಚೋದನೆ ಮತ್ತು ಒತ್ತಾಯದ ಮೇರೆಗೆ'.

ಹೆಬ್ಬೆಟ್ಟು ಹಾಕಿಸುವ ಶನಿವಾರವೇ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗು. ಸಂಜೆ ಐದಕ್ಕೆ ನನ್ನ ಮಿಮಿಕ್ರಿ. ಹೊಸ ಐಟಂ ಒಂದಿತ್ತು, ಕೋರ್ಟಿನ ಶಿರಸ್ತೇದಾರ ಮೂಗಿನಲ್ಲಿ ಆರ್ಡರ್ ಓದುವುದು. ಮುಂಡರಗಿಯ ಆ ಕೋಣೆಯಲ್ಲಿ ಅಕ್ಕನ ಎದುರು ಕೂತು ಆಕೆಯ ಅರ್ಜಿಯನ್ನು ನಾನು ಓದಿದ್ದು ಆ ಶಿರಸ್ತೇದಾರನ ದನಿಯಲ್ಲಿ. ಆಕೆಯ ಬದುಕಿನ ಕಾಗದವನ್ನು ನನ್ನ ಐಟಂನ ರಿಹರ್ಸಲ್ಲಿಗೆ ಬಳಸಿಕೊಂಡೆ. ಮಗು ನಕ್ಕಿತು, ಅಕ್ಕನೂ ನಕ್ಕಳು. ನಾನು ಗಾಡಿ ಬಿಟ್ಟಂತೆ ಓದುತ್ತ ಹೋದೆ. ಸಾಲುಸಾಲಿಗೂ ಆಕೆ ಅನ್ನುತ್ತಿದ್ದಳು: ಹೂಂ... ಹೂಂ... ಹೂಂ...

ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತಿದ್ದ ಹೂಂ. ನನ್ನ ಕಿವಿ ಅದನ್ನು ಕೇಳಿಸಿಕೊಂಡಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

"ಲೇ, ತಿರುಗಿಸು," ಅಂದಳು ಶಿರಹಟ್ಟಿಯವಳು.

"ಬಸ್ ಹೊಂಟೈತಿ. ಹೂಂ ಅಂದಾಳಲ್ಲ, ಇನ್ನೇನ್ ಗಂಗಾಜಲ ಮುಟ್ಟಸಬೇಕೇನು?"

ಸ್ಟಾಂಪ್ ಪ್ಯಾಡು ತೆರೆದೆ. ಅಕ್ಕ ಎಡ ಹೆಬ್ಬೆರಳು ಒತ್ತಿದಳು, ಕೂದಲಿಗೆ ಉಜ್ಜಿಕೊಂಡಳು. "ಆತಿಲ್ಲೋ ತಮ್ಮಾ? ಇನ್ ಕಾಗದ ಬರತೈತಲ್ಲ?" ಅಂದಳು. ಬಂದೇ ಬರುತ್ತದೆ ಎಂದು ನಾನು ಶಿರಸ್ತೇದಾರನ ದನಿಯಲ್ಲೇ ಹೇಳಿದೆ. ರಿಜಿಸ್ಟರಿನ ಆ ಮನೆಯಲ್ಲಿ ಬಸ್ಸಿನಲ್ಲಿ ಕೂತು ಗುರುತು ಹಾಕಿದೆ. ಸಂಜೆ ನನ್ನ ಐಟಂಗೆ ಮೊದಲ ಬಹುಮಾನ ಬಂತು.

ಸೋಮವಾರ ಮೇಡಂ ಕೇಳಿದರು, "ತಿರುಗಿ ಹೇಳ್ಸಿದ್ಯೇನಪಾ?"

"ಹೂಂ ಮೇಡಂ," ಅಂದೆ. ಆ ಗುರುತನ್ನು ನಂಬಿ ಅವರು ಅರ್ಜಿಯನ್ನು ಗದಗಿನ ಜಿಲ್ಲಾ ಆರೋಗ್ಯ ಕಚೇರಿಗೆ ಕಳಿಸಿದರು.

ಎರಡು ತಿಂಗಳ ಮೇಲೆ ಆ ಕಚೇರಿಯಲ್ಲೇ ವಿಚಾರಣೆ. ಆ ದಿನ ಮೇಡಂ ಬೇರೆ ಊರಲ್ಲಿದ್ದರು. ನಾವಿಬ್ಬರು ವಿದ್ಯಾರ್ಥಿಗಳು, ವಾದ ಮಾಡುವ ಹಕ್ಕಿಲ್ಲ, ಜೊತೆಗೆ ಕೂರಬಹುದು ಅಷ್ಟೇ. ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಮದುವೆಗೆ ಬಂದಂತೆ ಬಂದಿದ್ದಳು, ಸೊಸೆಯ ಪರವಾಗಿ ಸಾಕ್ಷಿ ಹೇಳಲು. ವಿಚಾರಣೆ ಮಾಡುತ್ತಿದ್ದ ಅಧಿಕಾರಿ ಕೆಟ್ಟವರಾಗಿರಲಿಲ್ಲ. ಎಲ್ಲರಿಗೂ ನೀರು ಕೊಡಿಸಿದರು, ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದರು. ಆಕೆ ಹೂಂನ ಕಥೆ ಹೇಳಿದಾಗ ತಲೆಯಾಡಿಸುತ್ತ ಕೇಳಿದರು. ಬರೆದುಕೊಳ್ಳುತ್ತಿದ್ದ ಗುಮಾಸ್ತನೂ ನಕ್ಕ, "ಖರೆ ಐತ್ರಿ ಸರ್" ಅಂದ. ಅರ್ಧ ಗೆದ್ದೆವು ಎಂದು ನಾನು ಶಿರಹಟ್ಟಿಯವಳಿಗೆ ಕಣ್ಣು ಹೊಡೆದೆ.

ಆಮೇಲೆ ಅತ್ತೆ ಎದ್ದು ನಿಂತಳು. ಅಧಿಕಾರಿ ಅರ್ಜಿಯ ಹಾಳೆ ತಿರುವಿದರು, ಹುಬ್ಬು ಗಂಟಿಕ್ಕಿದರು.

"ಯಜಮಾನತಿ, ನೀವು ಸೊಸಿ ಕಡೆ ಹೇಳಾಕ ಬಂದೀರಿ. ಆದ್ರ ನಿಮ್ಮ ಸೊಸಿ ಇಲ್ಲಿ ಬರಸ್ಯಾಳ, ಗಂಡ, ಅತ್ತಿ ಕೂಡಿ ಒತ್ತಾಯ ಮಾಡಿ ಆಪರೇಶನ್ ಮಾಡ್ಸಿದ್ರು ಅಂತ."

ಅತ್ತೆ ಮೊದಲು ಅರ್ಥವಾಗದೆ ನಕ್ಕಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ನಾ ಹಂಗ ಅಂದಿಲ್ರಿ," ಅಕ್ಕ ಎದ್ದಳು.

"ಹೆಬ್ಬಟ್ಟು ನಿಂದ ಅಲ್ಲೇನವಾ?"

"ನಂದ್ರಿ."

"ಓದಿ ಹೇಳಿದ್ರೋ ಇಲ್ಲೋ?"

ಅಕ್ಕ ನನ್ನ ಕಡೆ ನೋಡಿದಳು. ಶಿರಹಟ್ಟಿಯವಳು ಟೇಬಲ್ಲಿನ ಕೆಳಗೆ ನನ್ನ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಳು. ಏಳು, ಅನ್ನುತ್ತಿದ್ದಳು. ಎದ್ದು ಎರಡು ಮಾತು ಹೇಳುವುದಿತ್ತು: ಆ ಸಾಲು ನನ್ನದು, ನಾನು ತಿರುಗಿಸಲಿಲ್ಲ. ಹೇಳಿದರೆ ಕ್ಲಿನಿಕ್ ಮುಚ್ಚುತ್ತಾರೆ, ಸುಳ್ಳು ಗುರುತು ಹಾಕಿದ್ದಕ್ಕೆ ನನಗೆ ವಕೀಲಿಕೆಯ ಸನ್ನದೇ ಸಿಗುವುದಿಲ್ಲ, ಅವ್ವನಿಗೆ ಏನು ಹೇಳಲಿ... ಏನೇನೋ ಬಂತು ತಲೆಗೆ. ಊರಿನವರ ದನಿಯೆಲ್ಲ ಇದ್ದ ಗಂಟಲಿನಲ್ಲಿ ನನ್ನದೊಂದು ದನಿ ಹುಡುಕಿದರೂ ಸಿಗಲಿಲ್ಲ.

"ಓದಿ ಹೇಳಿದ್ರಿ," ಅಂದಳು ಅಕ್ಕ.

"ಕೇಳಿ ಏನಂದಿ?"

ಅಕ್ಕ ಎಡ ಹೆಬ್ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಹೂಂ ಅಂದೆ."

ಯಾರೂ ನಗಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಸಿಟ್ಟಿನಿಂದಲ್ಲ, ಬೇಸರದಿಂದಲೇ ಅಂದರು: "ಇಲ್ಲಿ ಹೂಂ ಅಂದು ಈಗ ಇಲ್ಲ ಅಂತೀ. ಅಲ್ಲೂ ಹೂಂ ಅಂದು ಇಲ್ಲ ಅಂತೀ. ನಾ ಯಾವುದನ್ನ ಹಿಡೀಲವಾ? ಯಾರ್ ಬರಕೊಟ್ರು ಇದನ್ನ?"

"ಬರದವ್ರದೇನ್ ತಪ್ಪಿಲ್ರಿ," ಅಂದಳು ಅಕ್ಕ, "ಹೂಂ ಅಂದಾಕಿ ನಾನು."

ನನ್ನನ್ನು ಉಳಿಸಿದ್ದಳು. ಆ ಗಳಿಗೆಯಲ್ಲಿ ನನಗೆ ಆದದ್ದು ನಾಚಿಕೆಯಲ್ಲ. ನಾಚಿಕೆ ಆಮೇಲೆ ಬಂತು. ಆ ಗಳಿಗೆಯಲ್ಲಿ ಆದದ್ದು ಸಮಾಧಾನ. ಇದನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಅತ್ತೆ ಯಾರಿಗೂ ಕಾಯದೆ ಮೊಮ್ಮಗಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಅಕ್ಕ ಅವಳ ಹಿಂದೆ ಓಡಬೇಕೆಂದು ಹೊರಟವಳು ನನ್ನ ಹತ್ತಿರ ಒಂದು ಕ್ಷಣ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಆ ಬೈಗುಳವನ್ನೂ ಎಲ್ಲಾದರೂ ಮಾಡಿ ತೋರಿಸಿ ಹಗುರಾಗುತ್ತಿದ್ದೆನೇನೋ.

"ಒಬ್ರಿಗೂ ತಿಳಿದಿದ್ದಿಲ್ಲ," ಅಂದಳು. "ನಿನಗ ತಿಳದಿತ್ತಲ್ಲೋ ತಮ್ಮಾ."

ಅಷ್ಟೇ ಅಂದು ಹೋದಳು.

ಹತ್ತು ದಿನದ ಮೇಲೆ ಮೇಡಂ ಅವರಿಗೆ ಎಲ್ಲ ಹೇಳಿದೆ. ನಾನಾಗಿ ಹೇಳಲಿಲ್ಲ, ಶಿರಹಟ್ಟಿಯವಳು ನೀನು ಹೇಳುತ್ತೀಯೋ ನಾನು ಹೇಳಲೋ ಅಂದ ಮೇಲೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಆ ದಿನವೇ ತಿದ್ದುಪಡಿಯ ಕಾಗದ ಬರೆದರು, ತಪ್ಪು ನಮ್ಮದು ಎಂದು ತಾವೇ ಸಹಿ ಹಾಕಿದರು. ಅಷ್ಟರಲ್ಲಿ ಅರ್ಜಿ ವಜಾ, ವಿಚಾರಣೆ ಮುಗಿದಿದೆ ಎಂಬ ಷರಾ ಬಿದ್ದಿತ್ತು. ನಮ್ಮ ಕಾಗದ ಫೈಲಿನೊಳಗೆ ಸೇರಿತು, ಫೈಲು ತೆರೆಯಲಿಲ್ಲ. ನನ್ನ ಮಾರ್ಕು ಕಡಿಮೆಯಾಯಿತು, ಸನ್ನದು ತಪ್ಪಲಿಲ್ಲ. ನಾನು ಹೆದರಿದ್ದು ಯಾವುದೂ ಆಗಲಿಲ್ಲ.

"ಆಫೀಸಿಗೆ ಹೇಳೂದು ನಾ ಹೇಳೀನಿ," ಅಂದಿದ್ದರು ಮೇಡಂ. "ಕೊರ್ಲಹಳ್ಳಿಗೆ ಹೋಗಿ ಆ ಅತ್ತಿ ಮುಂದ ಹೇಳೂದು ನಿಂದು. ನಾಳೆನ ಹೋಗು."

"ಹೂಂ ಮೇಡಂ," ಅಂದೆ.

ಹೋಗಲಿಲ್ಲ. ಮೊದಲು ಪರೀಕ್ಷೆ ಇತ್ತು. ಆಮೇಲೆ ಮಳೆ, ಹೊಳೆ ತುಂಬಿದೆ ಅಂದರು. ಬಸ್ಸೇನೂ ಹೊಳೆಯೊಳಗೆ ಹೋಗುವುದಿಲ್ಲ, ಆದರೂ ಅದೊಂದು ನೆಪ. ಆಮೇಲೆ ಕರಿ ಕೋಟು ಬಂತು. ಇಷ್ಟು ದಿನದ ಮೇಲೆ ಯಾವ ಮುಖ ಹೊತ್ತು ಹೋಗಲಿ ಎಂಬುದು ಕೊನೆಯ ನೆಪ, ಅದು ಎರಡು ವರ್ಷ ಬಾಳಿಕೆ ಬಂತು. ಕೋರ್ಟಿನಲ್ಲಿ ಈಗ ನಾನು ಕಾಗದ ತಿರುಗಿಸದೆ ಹೆಬ್ಬೆಟ್ಟು ಹಾಕಿಸುವುದಿಲ್ಲ. "ಈ ಹುಡುಗನ ಮುಂದ ಕುಂತ್ರ ಮೊಮ್ಮಕ್ಕಳಾಗ್ತಾವು" ಎಂದು ಸೀನಿಯರ್ ಹಾಸ್ಯ ಮಾಡುತ್ತಾರೆ. ಬೇರೆಯವರಿಗೆ ಸರಿಯಾಗಿ ಮಾಡಿದರೆ ಅಕ್ಕನ ಋಣ ತೀರುತ್ತದೆ ಎಂದು ನಂಬಿಸಿಕೊಂಡಿದ್ದೆ. ಹೋದ ವಾರ ಬೇವಿನ ಮರದ ಕೆಳಗೆ ಆ ಮುದುಕಿ ಹೆಬ್ಬೆರಳನ್ನು ಕೂದಲಿಗೆ ಒರೆಸಿಕೊಂಡಾಗ ಆ ನಂಬಿಕೆ ಕಳಚಿತು.

ಭಾನುವಾರ ಕೊರ್ಲಹಳ್ಳಿಗೆ ಹೋದೆ. ಒಂದು ಬಿಳಿ ಹಾಳೆಯ ಮೇಲೆ ನನ್ನ ಕೈಯಾರೆ ಬರೆದುಕೊಂಡು ಹೋಗಿದ್ದೆ. ಸದರಿ, ಮೇರೆಗೆ ಯಾವುದೂ ಇಲ್ಲ. ಆಕೆ ಗಂಡನ ಮೇಲೆ, ಅತ್ತೆಯ ಮೇಲೆ ಒಂದು ಮಾತೂ ಹೇಳಿರಲಿಲ್ಲ. ಅದು ನಾನು ಬರೆದದ್ದು. ಆಕೆಗೆ ತಿಳಿಯದಂತೆ ಓದಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಆಪರೇಶನ್ನಿಗೆ ಒಪ್ಪಿರಲಿಲ್ಲ ಎಂದು ಆಕೆ ಹೇಳಿದ್ದನ್ನು ನಾನು ಮೊದಲ ದಿನದಿಂದ ನಂಬಿದ್ದೇನೆ. ಕೆಳಗೆ ಸಹಿ.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಒಳಗೆ ಯಾರೋ ಹೊಸ ಹೆಣ್ಣುಮಗಳು ಪಾತ್ರೆ ತಿಕ್ಕುವ ಸದ್ದು. ನನ್ನನ್ನು ಕಂಡವಳು, "ಏನೋ ಬಾಯಿಗಾರ, ಹಾದಿ ತಪ್ಪಿ ಬಂದ್ಯೇನು?" ಅಂದಳು. ಕೂರು ಅನ್ನಲಿಲ್ಲ. ನಾನು ಕೂತೆ. ನನ್ನ ಸ್ವಂತ ದನಿಯಲ್ಲಿ ಓದಿದೆ. ಅದು ಹೇಗಿರುತ್ತದೆ ಎಂದು ನನಗೇ ಅಷ್ಟು ಪರಿಚಯವಿರಲಿಲ್ಲ. ತೆಳ್ಳಗಿತ್ತು, ನಡುವೆ ಎರಡು ಸಲ ಒಡೆಯಿತು. ಅವಳು ಒಂದೂ ಹೂಂ ಅನ್ನದೆ ಕೇಳಿದಳು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಇತ್ತು.

"ಅಂದ್ರ ಆ ಮಾತು ಆಕೀದಲ್ಲ," ಅಂದಳು ಕೊನೆಗೆ. "ನಿಂದು."

"ನಂದರಿ."

"'ಅತ್ತೀ, ನಾ ಅಂದಿಲ್ಲ' ಅಂದ್ಲು. ಬಸ್ಸಿನ್ಯಾಗ ಅಂದ್ಲು, ಮನ್ಯಾಗ ಅಂದ್ಲು, ಕಾಲ್ ಹಿಡಕೊಂಡು ಅಂದ್ಲು. ನಾ ಏನಂದೆ ಗೊತ್ತೇನು? 'ಹಂಗಾರ ಆಸ್ಪತ್ರ್ಯಾಗೂ ನೀ ಹೂಂ ಅಂದಾಕೀನ ಬಿಡು' ಅಂದೆ. ನಾನ ಹಂಗಂದ ಮ್ಯಾಲೆ ಮತ್ತ್ಯಾರ ಕಡೆ ನೋಡ್ತಾಳ? ಮಗಳನ್ನ ಕರಕೊಂಡು ಅಣ್ಣನ ಕೂಡ ಗೋವಾಕ್ಕ ದುಡಿಯಾಕ ಹ್ವಾದ್ಲು. ಒಂದು ವರ್ಷ ವಾರ ವಾರ ಫೋನ್ ಹಚ್ಚಿದ್ಲು. ನಾ ಎತ್ತಲಿಲ್ಲ."

ಸೆರಗಿನ ಗಂಟಿನಿಂದ ಸಣ್ಣ ಫೋನು ತೆಗೆದು, ನಂಬರ್ ಒತ್ತಿ ಕಿವಿಗೆ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ನನ್ನ ಕೈಗೆ ಕೊಟ್ಟಳು. "ಇದ್ಯಾರೋ ಹೆಣಮಗಳು ಮಾತಾಡ್ತಾಳ. ಏನಂತಾಳ, ಸರಿಯಾಗಿ ಕೇಳಿ ಹೇಳು."

ಕೇಳಿದೆ. ಎರಡು ಸಲ ಕೇಳಿದೆ. "ಈ ನಂಬರ್ ಈಗ ಚಾಲ್ತಿಯಾಗ ಇಲ್ಲ ಅಂತಾಳ್ರಿ."

ಅತ್ತೆ ಹಾಳೆಯನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಎಲೆಚೀಲದೊಳಗೆ ಇಟ್ಟುಕೊಂಡಳು. ಅದರಲ್ಲಿ ಸಾಹೇಬರ ಸಹಿ ಇಲ್ಲ, ಅದರಿಂದ ಈಗ ಯಾವ ಮನೆಯೂ ಉಳಿಯುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾನು ಎದ್ದು ನಿಂತೆ. ಮತ್ತೆ ಬಂದು ವಿಚಾರಿಸುತ್ತೇನೆ ಅಂದೆ.

"ಬ್ಯಾಡ," ಅಂದಳು. "ಆಕಿ ಬಂದ್ರ ನಾ ಹೇಳ್ತೀನಿ. ನೀ ಬರಬ್ಯಾಡ."

ಇವತ್ತು ಮಂಗಳವಾರ. ಗೋವಾದಲ್ಲಿ ನಮ್ಮ ಕಡೆಯವರು ಬಹಳ; ಗೊತ್ತಿರುವ ನಾಲ್ಕೈದು ಮಂದಿಗೆ ಫೋನು ಮಾಡಿ ಆಕೆಯ ಹೆಸರು ಹೇಳಿದ್ದೇನೆ, ಮಗಳ ಹೆಸರು ಹೇಳಿದ್ದೇನೆ. ಒಬ್ಬ, "ನೋಡಾಕ ಹೆಂಗದಾಳಪಾ?" ಎಂದು ಕೇಳಿದ. ಮುಖ ಹೇಳಲು ಹೋದೆ, ಬರಲಿಲ್ಲ. ಆಕೆಯ ದನಿ ಮಾತ್ರ ಒಂದಿಷ್ಟೂ ಮಾಸದೆ ನನ್ನ ಗಂಟಲಲ್ಲಿ ಹಾಗೇ ಇದೆ. ಆ ವಿಚಾರಣೆಯ ದಿನದಿಂದ ಅದನ್ನು ನಾನು ಯಾರಿಗೂ ಮಾಡಿ ತೋರಿಸಿಲ್ಲ.